ಗುಂಡಿ ಅಕ್ಕ ಹೊತ್ತು ತಿರುಗಿದ ನೆಲಹಾಸು

ಗುಂಡಿ ಅಕ್ಕ ತಮ್ಮನ ಮನೆಗೆ ಬಂದದ್ದು ಹದಿನೈದು ದಿನದ ಮಟ್ಟಿಗೆ. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ, ಇಪ್ಪತ್ತೆರಡು ವರ್ಷವಾಯಿತು. ಅದಕ್ಕೆ ಮುಂಚೆ ಅವಳು ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಕಾರ್ಖಾನೆ ಮುಚ್ಚಿದಾಗ ಒಂದು ಟ್ರಂಕು, ಒಂದು ಕೊಡೆ, ಒಂದು ಡಬ್ಬಿ ತುಂಬ ಗುಂಡಿ ಹಿಡಿದುಕೊಂಡು ತಮ್ಮನ ಬಾಗಿಲಲ್ಲಿ ನಿಂತು, "ಬೇರೆ ಕೆಲಸ ಸಿಗೋವರೆಗೂ ಇಲ್ಲಿರ್ತೀನಿ ಕಣೋ" ಎಂದಳು. ತಮ್ಮ ದರ್ಜಿ. ಅವತ್ತು ಸಂಜೆಯೊಳಗೆ ಹನ್ನೆರಡು ಅಂಗಿ ಕೊಡಬೇಕಿತ್ತು, ಒಂದಕ್ಕೂ ಗುಂಡಿ ಹಚ್ಚಿರಲಿಲ್ಲ. ಅಕ್ಕ ಕೊಡೆಯನ್ನು ಗೋಡೆಗೆ ಒರಗಿಸಿ, ಸೂಜಿಗೆ ದಾರ ಪೋಣಿಸಿ ಕೂತಳು. ಬೇರೆ ಕೆಲಸ ಹುಡುಕುವ ಮಾತು ಅಲ್ಲಿಗೇ ನಿಂತಿತು.

ಗುಂಡಿ ಅಕ್ಕ ಎಂಬ ಹೆಸರು ಬೀದಿಯವರು ಇಟ್ಟದ್ದು. "ಅಂಗಿ ಗುಂಡಿಯೋ ರಸ್ತೆ ಗುಂಡಿಯೋ?" ಎಂದು ಯಾರಾದರೂ ಕೆಣಕಿದರೆ, "ಯಾವುದಾದ್ರೇನು, ಹುಷಾರಾಗಿಲ್ಲದಿದ್ರೆ ಮಾನ ಹೋಗೋದು ನಿಮ್ಮದೇ" ಎನ್ನುತ್ತಿದ್ದಳು. ಅವಳು ಹಚ್ಚಿದ ಗುಂಡಿ, ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಬೀಳುತ್ತಿರಲಿಲ್ಲ. ಅವಳ ಅಭಿಪ್ರಾಯಗಳೂ ಹಾಗೆಯೇ. ಒಮ್ಮೆ ಹಚ್ಚಿಕೊಂಡರೆ ಮುಗಿಯಿತು, ಕತ್ತರಿ ಹಾಕದೆ ಕೀಳುವಂತಿರಲಿಲ್ಲ.

ಆ ಅಭಿಪ್ರಾಯಗಳಲ್ಲಿ ಮೊದಲನೆಯದು, ತನ್ನ ತಮ್ಮನಂಥ ಸಾಚಾ ಮನುಷ್ಯ ಹುಟ್ಟಿಲ್ಲ ಎಂಬುದು. ಎರಡನೆಯದು, ಈ ಬೀದಿಯ ಜನಕ್ಕೆ ಬಟ್ಟೆಯ ಬೆಲೆ ಗೊತ್ತಿಲ್ಲ ಎಂಬುದು. ಎರಡಕ್ಕೂ ಕಾರಣ ಅಟ್ಟದ ಮೇಲಿದ್ದ ಮೂಟೆಗಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ತಮ್ಮನ ಮಿಷನ್ನು, ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ. ನಡುವೆ ಒಂದು ಪರದೆ. ಪರದೆಯ ಹಿಂದೆ ಅಕ್ಕನ ಕೋಣೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಮೇಲೆ ಅಟ್ಟ. ಬಂದ ಹೊಸತರಲ್ಲಿ ಅಟ್ಟದ ಮೇಲೆ ಎರಡು ಮೂಟೆ ಕಂಡು ಅಕ್ಕ ಕೇಳಿದ್ದಳು, "ಇದೆಲ್ಲ ಯಾರ ಬಟ್ಟೇನೋ?"

"ಹೊಲಿದು ಉಳಿದ ತುಂಡುಗಳು ಅಕ್ಕ."

"ಅವರಿಗೆ ವಾಪಸ್ ಕೊಡಬಾರದಾ?"

ತಮ್ಮ ಮಿಷನ್ನಿನ ಚಕ್ರಕ್ಕೆ ಎಣ್ಣೆ ಬಿಡುತ್ತ, "ಅವರಿಗೆ ಬೇಡವಂತೆ" ಎಂದಿದ್ದ.

ಅಕ್ಕ ನಿಟ್ಟುಸಿರು ಬಿಟ್ಟಳು. ಎರಡು ಮೂಟೆ ಏಳಾಗುವವರೆಗೂ ಅವಳು ಆ ಬೀದಿಯವರ ದುಂದುಗಾರಿಕೆಗೆ ಮನಸ್ಸಿನಲ್ಲೇ ಮರುಗಿದಳು. ಗಿರಾಕಿಗಳು ಬೆನ್ನ ಹಿಂದೆ ತಮ್ಮನನ್ನು 'ಸರಿಹೋಯ್ತು ಟೈಲರ್' ಎಂದು ಕರೆಯುವುದು ಅವಳ ಕಿವಿಗೂ ಬಿದ್ದಿತ್ತು. ಹೊಲಿದದ್ದು ಮೈಗೆ ಸರಿಹೋಗುತ್ತದೆ, ಅದಕ್ಕೇ ಆ ಹೆಸರು ಎಂದುಕೊಂಡು ಹೆಮ್ಮೆಪಟ್ಟಿದ್ದಳು. ನಿಜ ಸಂಗತಿ ಬೇರೆ. ಗಿರಾಕಿ ಮೂರು ಮೀಟರ್ ಕೊಡಲಿ, ನಾಲ್ಕು ಮೀಟರ್ ಕೊಡಲಿ, ಬಟ್ಟೆ ಮರಳಿಸುವಾಗ ಅವನು ಹೇಳುತ್ತಿದ್ದ ಮಾತು ಒಂದೇ: "ನೀವು ತಂದಿದ್ದ ಬಟ್ಟೆ ಸರಿಗೆ ಸರಿಹೋಯ್ತು ನೋಡಿ, ಒಂದು ಬೆರಳು ಉಳೀಲಿಲ್ಲ." ಮಿಷನ್ನಿನ ಸದ್ದಿನಲ್ಲಿ ಪರದೆಯ ಹಿಂದಕ್ಕೆ ಕೇಳುತ್ತಿದ್ದದ್ದು 'ಸರಿಹೋಯ್ತು' ಎಂಬಷ್ಟು ಮಾತ್ರ. ತಮ್ಮನ ಹೆಂಡತಿಗೆ ಎಲ್ಲ ಗೊತ್ತಿತ್ತು. ಆದರೆ ಅವಳು ಬಾಯಿ ಬಿಟ್ಟು ಹೇಳುವುದಕ್ಕಿಂತ ಕಾದು ನೋಡಿ ನಗುವುದರಲ್ಲಿ ಹೆಚ್ಚು ಸುಖ ಕಂಡವಳು.

ಒಂದು ಚಳಿಗಾಲ ಅಕ್ಕನಿಗೆ ಅಂಗಾಲು ನೋವು ಶುರುವಾಯಿತು. ಬೀದಿಯ ಕೊನೆಯಲ್ಲಿದ್ದ ಚಿಕಿತ್ಸಾಲಯಕ್ಕೆ ಹೋದಳು. ಅಲ್ಲಿಯ ನರ್ಸು ಎತ್ತರದ ಹೆಂಗಸು, ಮಾತು ಕಡಿಮೆ, ಮೂಗಿನ ತುದಿಯಲ್ಲೇ ಕೋಪ. ಕಾಲನ್ನು ಅತ್ತಿತ್ತ ತಿರುಗಿಸಿ ನೋಡಿ, "ದಿನವಿಡೀ ಸಿಮೆಂಟ್ ನೆಲದ ಮೇಲೆ ಕಾಲಿಟ್ಕೊಂಡು ಕೂತ್ರೆ ಇನ್ನೇನಾಗುತ್ತೆ? ಕೆಳಗೆ ದಪ್ಪಗೆ ಏನಾದ್ರೂ ಹಾಕ್ಕೊಳ್ಳಿ" ಎಂದು ಗದರಿಸಿ ಕಳಿಸಿದಳು.

ದಪ್ಪಗೆ ಏನು ಹಾಕುವುದು ಎಂದು ಯೋಚಿಸುತ್ತ ಕೂತಾಗ ಅಕ್ಕನಿಗೆ ಕಾರ್ಖಾನೆಯ ಒಬ್ಬ ಗೆಳತಿ ನೆನಪಾದಳು. ಆಕೆ ಊಟದ ಬಿಡುವಿನಲ್ಲಿ ಹಳೆ ಬಟ್ಟೆಯನ್ನು ಉದ್ದುದ್ದ ಪಟ್ಟಿಯಾಗಿ ಹರಿದು, ಮೂರು ಪಟ್ಟಿ ಸೇರಿಸಿ ಜಡೆ ಹಾಕಿ, ಆ ಜಡೆಯನ್ನು ಸುತ್ತಿ ಸುತ್ತಿ ಹೊಲಿದು ನೆಲಹಾಸು ಮಾಡುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಬುತ್ತಿ ತಿನ್ನುತ್ತ ನೋಡುತ್ತಿದ್ದಳೇ ಹೊರತು ಕೈ ಹಾಕಿರಲಿಲ್ಲ. ಜಡೆ ಹೆಣೆಯುವುದಕ್ಕೆ ಯಾರ ಪಾಠ ಬೇಕು? ಮೇಲೆ ಏಳು ಮೂಟೆ ಬಟ್ಟೆ ಬಿದ್ದಿದೆ. ಅವಳು ಏಣಿ ತಂದಳು.

ಮೊದಲನೆಯ ನೆಲಹಾಸು ಕೆಟ್ಟಿತು. ಗುಂಡಿ ಹಚ್ಚುವ ಕೈ, ದಾರ ಎಳೆದರೆ ಬಿಗಿದೇ ಬಿಗಿಯುತ್ತದೆ. ಬಿಗಿಯಾಗಿ ಹೊಲಿದ ಸುತ್ತುಗಳು ನೆಲಕ್ಕೆ ಒರಗದೆ ಅಂಚೆತ್ತಿ ನಿಂತವು. ನಾಲ್ಕು ದಿನದ ಶ್ರಮ ಒಂದು ಬುಟ್ಟಿಯಾಯಿತು. ತಮ್ಮನ ಹೆಂಡತಿ ಮಾತಾಡದೆ ಅದನ್ನೆತ್ತಿಕೊಂಡು ಹೋಗಿ ಈರುಳ್ಳಿ ತುಂಬಿದಳು. ಎರಡನೆಯದಕ್ಕೆ ಅಕ್ಕ ಕೈ ಸಡಿಲಿಸಿದಳು. ಪಟ್ಟಿಯನ್ನು ಮೂರು ಬೆರಳಗಲಕ್ಕೆ ಹರಿದು, ಎರಡೂ ಅಂಚು ಒಳಗೆ ಮಡಿಸಿ, ಜಡೆ ಹಾಕಿ, ಮೂಟೆ ಹೊಲಿಯುವ ದಬ್ಬಳದಿಂದ ಸುತ್ತಿಗೆ ಸುತ್ತು ಸೇರಿಸಿದಳು. ಪ್ರತಿ ಸುತ್ತಿಗೂ ನೆಲದ ಮೇಲೆ ಹರವಿ, ಮೇಲೆ ನಿಂತು, ಹಿಂದೆ ಮುಂದೆ ನೋಡಿ, ಸರಿ ಎನಿಸಿದ ಮೇಲೆಯೇ ಮುಂದಿನ ಸುತ್ತು.

ಇದನ್ನು ಕಂಡು ತಮ್ಮನಿಗೆ ಒಳಗೊಳಗೇ ನಡುಕ. ಬೇಡ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳಲು ಬಾಯಿಲ್ಲ. ದಿನಕ್ಕೆ ನಾಲ್ಕು ಸಲ ಪರದೆ ಸರಿಸಿ ಇಣುಕುವನು.

"ಆ ಹಸಿರು ಹಾಕ್ಬೇಡ ಅಕ್ಕ, ಕಣ್ಣಿಗೆ ಹೊಡೆಯುತ್ತೆ."

"ಹೊಡೀಲಿ."

"ಆ ಗೆರೆಗೆರೆ ಬಟ್ಟೆನೂ ಬೇಡ. ಬಿಳಿ ಹಾಕು. ಬರೀ ಬಿಳಿ ಹಾಕಿದ್ರೆ ಎಷ್ಟು ಲಕ್ಷಣವಾಗಿರುತ್ತೆ."

"ಬಿಳಿ ಹಾಸಿ ಮೇಲೆ ಕಾಲಿಡೋದು ಹೇಗೋ? ಮೂವತ್ತು ವರ್ಷ ಬಟ್ಟೆ ಮಧ್ಯೆ ಇದ್ರೂ ನಿಂಗೆ ಬಣ್ಣದ ಗಂಧ ಹತ್ತಲಿಲ್ಲ" ಎಂದು ಅಕ್ಕ ಹಸಿರಿನ ಪಕ್ಕಕ್ಕೇ ಗೆರೆಗೆರೆಯನ್ನು ಹೆಣೆಯುವಳು. ಅಡುಗೆಮನೆಯಿಂದ ತಮ್ಮನ ಹೆಂಡತಿಯ ಕೆಮ್ಮು ಕೇಳುವುದು. ಅದು ಕೆಮ್ಮಲ್ಲ ಎಂದು ತಮ್ಮನಿಗೆ ಗೊತ್ತು.

ನಾಲ್ಕು ತಿಂಗಳಿಗೆ ನೆಲಹಾಸು ಮೊಟ್ಟೆಯಾಕಾರಕ್ಕೆ ಬೆಳೆದು, ಒಬ್ಬ ಆಳು ಕಾಲು ಮಡಿಸಿ ಮಲಗುವಷ್ಟಾಯಿತು. ಅಕ್ಕನ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ, ಅಥವಾ ಜಾಗವಿಲ್ಲವೆಂದು ಅವಳು ತೀರ್ಮಾನಿಸಿದಳು. ಬದುಕಿನಲ್ಲಿ ಮೊದಲ ಸಲ ತನ್ನದೆನ್ನುವ ಒಂದು ವಸ್ತು ಕೈಯಿಂದ ಹುಟ್ಟಿದೆ. ನಾಲ್ಕು ಜನ ನೋಡದಿದ್ದರೆ ಹೇಗೆ? ತಮ್ಮ "ಒಳಗೇ ಇರಲಿ ಅಕ್ಕ, ಹೊರಗೆ ಧೂಳಾಗುತ್ತೆ" ಎನ್ನುತ್ತಲೇ ಇದ್ದ. ಅವನು ದಾರದ ಉಂಡೆ ತರಲು ಪೇಟೆಗೆ ಹೋದ ಒಂದು ಬೆಳಿಗ್ಗೆ, ಅಕ್ಕ ನೆಲಹಾಸನ್ನು ತಂದು ಅಂಗಡಿಯ ಕನ್ನಡಿಯ ಮುಂದೆ ಹಾಸಿದಳು. ಅಳತೆ ನೋಡಿಕೊಳ್ಳಲು ಬಂದವರೆಲ್ಲ ನಿಲ್ಲುವ ಜಾಗವೇ ಅದು.

ಮೊದಲು ಬಂದವರು ಶಾಲೆಯ ಟೀಚರು. ಒಂದು ಲಂಗದ ಅಂಚು ಬಿಚ್ಚಿಹೋಗಿತ್ತು.

"ಎಷ್ಟು ಚೆನ್ನಾಗಿದೆ ಅಕ್ಕ, ನೀವೇ ಮಾಡಿದ್ದಾ?" ಎಂದು ಬಗ್ಗಿದವರು ಹಾಗೆಯೇ ಬಗ್ಗಿ ನಿಂತರು. ಕನ್ನಡಕ ಸರಿಮಾಡಿಕೊಂಡರು. "ಈ ಕೆಂಪು ಬಟ್ಟೆ, ಹಳದಿ ಹೂವಿಂದು... ಇದು ನನ್ನ ಲಂಗದ ಬಟ್ಟೆ ಅಲ್ವಾ?"

"ಇರಬಹುದು ಟೀಚರ್. ನೀವು ಬೇಡ ಅಂದಿದ್ದೇ ತಾನೆ?"

"ನಾನು ಬೇಡ ಅಂದ್ನಾ?"

"ಉಳಿದ ಬಟ್ಟೆ ಬೇಡ ಅಂತ. ನಿಮ್ಮಂಥೋರಿಗೆ ಕೈ ದೊಡ್ಡದು ಬಿಡಿ."

ಟೀಚರು ನಿಧಾನವಾಗಿ ನೆಟ್ಟಗಾದರು. "ಅಕ್ಕ, ಈ ಲಂಗಕ್ಕೆ ಒಂದು ಜೇಬಿಡಿ ಅಂತ ನಾನು ಕೈ ಮುಗಿದು ಕೇಳಿದ್ದೆ. ಜೇಬಿಗೆ ಬಟ್ಟೆ ಸಾಲಲ್ಲ, ಸರಿಗೆ ಸರಿಹೋಯ್ತು ಅಂದ್ರು ನಿಮ್ಮ ತಮ್ಮ. ಮೂರು ವರ್ಷದಿಂದ ಸೀಮೆಸುಣ್ಣ ಕೈಯಲ್ಲೇ ಹಿಡ್ಕೊಂಡು ಓಡಾಡ್ತಿದ್ದೀನಿ."

ಅಕ್ಕ ನಕ್ಕಳು. ಟೀಚರು ನಗಲಿಲ್ಲ. ಅಷ್ಟರಲ್ಲಿ ಇನ್ನೂ ಮೂರು ನಾಲ್ಕು ಗಿರಾಕಿಗಳು ಬಂದು ಸೇರಿದರು. ಎದುರಿನ ಕ್ಷೌರದಂಗಡಿಯ ಯಜಮಾನ, ಗಿರಾಕಿಯಿಲ್ಲದ ಹೊತ್ತು, ಏನು ಗುಂಪು ಎಂದು ನೋಡಲು ಬಂದ. ನೆಲಹಾಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಒಂದು ಕಡೆ ಬೆರಳಿಟ್ಟ. "ಇದು ನನ್ನ ಗೆರೆ ಅಂಗಿ. ತುಂಬುತೋಳು ಹೊಲಿ ಅಂದಿದ್ದೆ. ಬಟ್ಟೆ ಸಾಲದೆ ಅರ್ಧತೋಳಾಯ್ತು ಅಂದ. ನೋಡಿ, ನನ್ನ ಇನ್ನರ್ಧ ತೋಳು ಇಲ್ಲಿ ಮಲಗಿದೆ."

ಅಕ್ಕನ ಮುಖದ ನಗು ಹಾಗೆಯೇ ಉಳಿದಿತ್ತು, ತೆಗೆಯಲು ಮರೆತವಳಂತೆ. ಕಾರ್ಖಾನೆಯಲ್ಲಿ ಒಂದು ಹಿಡಿ ಗುಂಡಿ ಮೇಜಿನ ಮೇಲೆ ಸುರಿದ ಸದ್ದಿಗೇ ಎಷ್ಟಿವೆ ಎಂದು ಹೇಳುತ್ತಿದ್ದವಳು ಅವಳು. ಪರದೆಯ ಹಿಂದೆ ಇಪ್ಪತ್ತೆರಡು ವರ್ಷ ಕೇಳಿದ ಒಂದೇ ಶಬ್ದದ ಅರ್ಥ ಈಗ ತಿಳಿಯಿತು.

ದಾರದ ಚೀಲ ಹೊತ್ತ ತಮ್ಮ ಬಾಗಿಲಿಗೆ ಬಂದದ್ದು ಅದೇ ಗಳಿಗೆಗೆ. ಒಳಗೆ ಐದಾರು ಜನ, ನಡುವೆ ನೆಲಹಾಸು. ಯಾರೂ ಇನ್ನೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನೇ ಶುರುಮಾಡಿದ: "ನಾನು ಒಂದು ತುಂಡೂ ಮಾರಿಲ್ಲ."

"ಮಾರಿದ್ದೀಯ ಅಂತ ಯಾರಪ್ಪ ಅಂದ್ರು?" ಎಂದ ಕ್ಷೌರದಂಗಡಿಯವನು.

ಜನ ಅಲ್ಲಿ ಜಗಳವಾಡಲಿಲ್ಲ. ಅದೇ ಅಕ್ಕನಿಗೆ ಹೆಚ್ಚು ನೋವಾದದ್ದು. ಒಬ್ಬೊಬ್ಬರೇ ನೆಲಹಾಸನ್ನು ಇನ್ನೊಮ್ಮೆ ನೋಡಿ, ನಕ್ಕು, ಹೊರಟುಹೋದರು. ತಮ್ಮನ ಈ ಬುದ್ಧಿ ಅವರಿಗೆ ಹೊಸತಾಗಿರಲಿಲ್ಲ. ಸಾಕ್ಷಿ ಮಾತ್ರ ಹೊಸತು. ಅದನ್ನು ಹೆಣೆದವಳು ತಾನು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಅಕ್ಕ ಕತ್ತರಿಸುವ ಮೇಜಿನ ಮುಂದೆ ನಿಂತು ಕೇಳಿದಳು, "ಯಾಕೋ?"

ತಮ್ಮ ಮೇಜಿನ ಮೇಲಿನ ಸೀಮೆಸುಣ್ಣದ ಗೆರೆಯನ್ನು ಬೆರಳಿನಿಂದ ಒರೆಸುತ್ತ ಕೂತ. ಒರೆಸುತ್ತಲೇ ಹೇಳಿದ. ಹದಿನೇಳು ವರ್ಷದವನಿದ್ದಾಗ ಒಬ್ಬ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದನಂತೆ. ಒಂದು ಕೋಟಿನ ತೋಳನ್ನು ನಾಲ್ಕು ಬೆರಳು ಮೋಟಾಗಿ ಕತ್ತರಿಸಿಬಿಟ್ಟ. ಅದು ಗೊತ್ತಾದದ್ದು ಮರುದಿನ. ಉಳಿದ ಬಟ್ಟೆಯನ್ನು ಅವನೇ ಹಿಂದಿನ ದಿನ ಗಿರಾಕಿಗೆ ಕೊಟ್ಟು ಕಳಿಸಿದ್ದ, ಆ ಗಿರಾಕಿ ಅದನ್ನು ಎಸೆದಾಗಿತ್ತು. ಮೇಸ್ತ್ರಿ ಅವನ ಕತ್ತರಿಯನ್ನು ಬೀದಿಗೆ ಎಸೆದ. "ಅವತ್ತಿಂದ ಬಟ್ಟೆ ಕೈಬಿಡೋದಕ್ಕೆ ಆಗಲ್ಲ ಅಕ್ಕ. ಏನಾದ್ರೂ ತಪ್ಪಿದ್ರೆ ತೇಪೆಗೆ ಬೇಕಲ್ಲ ಅನ್ಸುತ್ತೆ."

"ಮೂವತ್ತು ವರ್ಷದಲ್ಲಿ ಎಷ್ಟು ಸಲ ತಪ್ಪಿದೆ?"

"ಒಂದ್ಸಲ."

"ಒಂದ್ಸಲ ತಪ್ಪಿದ್ದಕ್ಕೆ ಏಳು ಮೂಟೆ. ಟೀಚರ್ ಜೇಬು, ಅವನ ತೋಳು. ಅವರಿಗೆ ಹಾಗಂತ ಹೇಳಿದ್ರೆ ಬೇಡ ಅಂತಿದ್ರೇನೋ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಿಂದು ಚಿಂದಿಗೆ ಹೋಯ್ತಲ್ಲೋ. ಮತ್ತೆ ನನಗೂ ಅವರಿಗೆ ಬೇಡವಂತೆ ಅಂದ್ಯಲ್ಲ. ಅವರನ್ನ ಎಷ್ಟು ವರ್ಷದಿಂದ ಬೈಕೊಂಡಿದ್ದೀನಿ ಗೊತ್ತಾ, ಮನಸ್ಸಲ್ಲಿ?"

ಅದಾದ ಮೇಲೆ ಅಕ್ಕ ತಮ್ಮನೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಅವನ ಹೆಂಡತಿಯ ಮೂಲಕ ಹೇಳಿದಳು. "ನಾಳೆ ನಾನು ಗುಂಡಿ ಹಚ್ಚಲ್ಲ ಅಂತ ನಿನ್ನ ಗಂಡನಿಗೆ ಹೇಳು." ತಮ್ಮ ಎರಡಡಿ ದೂರದಲ್ಲೇ ನಿಂತಿದ್ದ. ಹೆಂಡತಿ ಗಂಭೀರವಾಗಿ ಅವನ ಕಡೆ ತಿರುಗಿ, "ನಾಳೆ ಅತ್ತಿಗೆ ಗುಂಡಿ ಹಚ್ಚಲ್ವಂತೆ" ಎಂದಳು. ಮದುವೆಯಾದ ಮೇಲೆ ಇಷ್ಟು ಸಂತೋಷದ ದಿನಗಳು ಅವಳಿಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ನೆಲಹಾಸನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಹೆಗಲ ಮೇಲೆ ಹೊತ್ತು ಹೊರಟಳು. ಯಾರ ಬಟ್ಟೆ ಯಾರಿಗೆ ಸೇರಬೇಕೋ ಅವರವರಿಗೆ ಬಿಚ್ಚಿ ಕೊಡುವುದು ಅವಳ ತೀರ್ಮಾನ. ಸೊಂಟದ ಚೀಲದಲ್ಲಿ ಕತ್ತರಿ. ಹಾದಿಯಲ್ಲಿ ಸಿಕ್ಕವರು "ಏನಕ್ಕ, ಹಾಸಿಗೆ ಸಮೇತ ಹೊರಟುಬಿಟ್ರಾ?" ಎಂದು ಕೇಳಿದರೆ, "ವಾಪಸ್ ಕೊಡೋದಕ್ಕೆ" ಎಂದಷ್ಟೇ ಹೇಳಿ ಮುಂದೆ ನಡೆದಳು.

ಟೀಚರು ಬಾಗಿಲು ತೆರೆದು, ಹೆಗಲ ಮೇಲಿನ ಹೊರೆ ನೋಡಿ, ಒಳಗೆ ಕರೆದು ಚಹಾ ಕೊಟ್ಟರು. ಅಕ್ಕ ನೆಲಹಾಸು ಬಿಡಿಸಿ ಕತ್ತರಿ ತೆಗೆದಾಗ ಅವರು ಅವಳ ಕೈ ಹಿಡಿದುಕೊಂಡರು. "ಬಿಚ್ಚಬೇಡಿ ಅಕ್ಕ. ಈ ಪಟ್ಟಿಯಲ್ಲಿ ಜೇಬು ಹೊಲಿಯೋದಕ್ಕಂತೂ ಆಗಲ್ಲ. ನನ್ನ ಲೆಕ್ಕದಲ್ಲಿ ಇದು ನಿಮ್ಮದು."

"ಬಾಯಿ ಮಾತಿಗೆ ಹೇಳ್ತಿದ್ದೀರಾ, ಮನಸ್ಸಾರೆ ಹೇಳ್ತಿದ್ದೀರಾ?"

"ಮನಸ್ಸಾರೆ."

"ಹಾಗಾದ್ರೆ ಸರಿ" ಎಂದು ಅಕ್ಕ ಸುರುಳಿ ಸುತ್ತಿದಳು.

ಕ್ಷೌರದಂಗಡಿಯ ಯಜಮಾನ ಅಷ್ಟು ಸುಲಭದ ಆಸಾಮಿಯಲ್ಲ. ನೆಲಹಾಸನ್ನು ಅಂಗಡಿಯಲ್ಲೇ ಹರವಿಸಿ, ಕಾಯುತ್ತಿದ್ದ ಗಿರಾಕಿಗಳನ್ನೆಲ್ಲ ಎಬ್ಬಿಸಿ, ಗೆರೆಗೆರೆಯ ಜೊತೆಗೆ ಒಂದು ಕಂದು, ಒಂದು ಬೂದಿ ಬಣ್ಣವೂ ತನ್ನದೆಂದ. ಕಂದು ಅವನದಲ್ಲ, ಅಂಚೆಯವನ ಪ್ಯಾಂಟಿನದು ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದಳು. ಅದರ ಗುಂಡಿ ಹಚ್ಚಿದವಳು ಅವಳೇ. ಬೂದಿ ಬಣ್ಣದ ಮೇಲೆ ಅರ್ಧ ಗಂಟೆ ವಾದವಾಯಿತು. ಅರ್ಧ ಕ್ಷೌರವಾಗಿದ್ದ ಗಿರಾಕಿಯೊಬ್ಬ ಕುರ್ಚಿಯಲ್ಲೇ ಕೂತು, ಬೂದಿ ಬಣ್ಣ ತನ್ನ ಮಾವನ ಕೋಟಿನಂತಿದೆ ಎಂದು ಹೊಸ ತಕರಾರು ತೆಗೆದ. ಕೊನೆಗೆ ಯಜಮಾನ, "ತೋಳು ಹೋದ್ರೆ ಹೋಗ್ಲಿ ಬಿಡಿ ಅಕ್ಕಾ. ಕತ್ತರಿ ಹಿಡಿಯೋ ಕೈಗೆ ಅರ್ಧತೋಳೇ ಅನುಕೂಲ ಆಗಿದೆ" ಎಂದ. ಅವನಿಗೆ ಬೇಕಾಗಿದ್ದದ್ದು ಬಟ್ಟೆಯಲ್ಲ, ಅರ್ಧ ಗಂಟೆಯ ವಾದ.

ಹೀಗೆ ಎರಡು ದಿನದಲ್ಲಿ ಹದಿನಾಲ್ಕು ಮನೆ. ಎಲ್ಲರೂ ಬೇಡವೆಂದರು. ಬೇಡವೆನ್ನುವ ಮುಂಚೆ ಎಲ್ಲರೂ ಮೊಣಕಾಲೂರಿ ತಮ್ಮ ಬಟ್ಟೆ ಹುಡುಕಿದರು, ಸಿಗದವರು ಬೇಸರಪಟ್ಟರು. ಹದಿನೈದನೆಯ ಮನೆ ನರ್ಸಿನದು.

"ಸಿಸ್ಟರ್, ಈ ಹಸಿರು ನಿಮ್ಮದು. ನಮ್ಮ ತಮ್ಮ ಹೇಳದೆ ಇಟ್ಕೊಂಡಿದ್ದ. ತಪ್ಪಾಯ್ತು. ಬೇಕಂದ್ರೆ ಬಿಚ್ಚಿ ಕೊಡ್ತೀನಿ" ಎಂದು ಅಕ್ಕ ಅಷ್ಟು ಹೊತ್ತಿಗೆ ಬಾಯಿಪಾಠವಾಗಿದ್ದ ಮಾತನ್ನು ಒಪ್ಪಿಸಿ, ಸುರುಳಿ ಸುತ್ತಲು ಕೈ ಚಾಚಿದಳು.

"ಬೇಕು" ಎಂದಳು ನರ್ಸು.

ಅಕ್ಕ ಕೈ ಹಿಂದೆಗೆದಳು.

"ಆ ಗೌನು ಪಾದ ಮುಟ್ಟಬೇಕು ಅಂದಿದ್ದೆ. ಮೀನಖಂಡಕ್ಕೆ ನಿಲ್ಲಿಸಿದ. ನೀವು ಅಷ್ಟು ಎತ್ತರ ಇದ್ರೆ ಬಟ್ಟೆ ಏನು ಮಾಡುತ್ತೆ ಅಂದ. ನನ್ನ ಎತ್ತರದ್ದೇ ತಪ್ಪು ಅಂದ್ಕೊಂಡಿದ್ದೆ. ಬಿಚ್ಚಿ."

ಹಸಿರು ಇದ್ದದ್ದು ನೆಲಹಾಸಿನ ಹೊಟ್ಟೆಯೊಳಗೆ, ನಡುವಿನಿಂದ ಐದನೆಯ ಸುತ್ತಿನಲ್ಲಿ. ಅದರ ಹೊರಗೆ ಒಂಬತ್ತು ಸುತ್ತು. ಜಡೆ ಹೊರಗಿನ ತುದಿಯಿಂದಲೇ ಬಿಚ್ಚಬೇಕು. ನಡುವೆ ಕೈ ಹಾಕುವಂತಿಲ್ಲ. ಅಕ್ಕ ಇದನ್ನು ಹೇಳಲಿಲ್ಲ. ಕೂತು, ಹೊಲಿಗೆಯ ಕೊನೆಯ ಗಂಟಿಗೆ ಕತ್ತರಿ ಹಾಕಿದಳು. ಅವಳ ಹೊಲಿಗೆಯೋ, ಹೇಳಬೇಕಾಗಿಯೇ ಇಲ್ಲ. ಒಂದೊಂದು ಗಂಟೂ ಜಗ್ಗುವುದಕ್ಕೆ ಒಪ್ಪದು. ನರ್ಸು ಕುರ್ಚಿಯಲ್ಲಿ ಕೈ ಕಟ್ಟಿ ಕೂತು ನೋಡಿದಳು. ಒಂದು ಸುತ್ತು ಬಿಚ್ಚಿತು. ಎರಡು. ಮೂರನೆಯದರ ಹೊತ್ತಿಗೆ ಅವಳಿಗೆ ಕೂರಲಾಗಲಿಲ್ಲ.

"ಇಷ್ಟೆಲ್ಲ ಬಿಚ್ಚಬೇಕಾ?"

"ನಿಮ್ಮದು ಒಳಗಿದೆಯಲ್ಲ ಸಿಸ್ಟರ್."

"ಮುಂಚೆ ಹೇಳಬಾರದಿತ್ತಾ?"

"ಕೇಳಿದ್ದು ನಿಮ್ಮ ವಸ್ತು. ಅದಕ್ಕೆ ನಾನ್ಯಾಕೆ ಕಷ್ಟ ಹೇಳ್ಲಿ?"

ಬಿಡಿ ಸಾಕು ಎನ್ನಲು ನರ್ಸಿಗೆ ಅಭಿಮಾನ, ಬಿಡಲೇ ಎಂದು ಕೇಳಲು ಅಕ್ಕನಿಗೆ ಅಭಿಮಾನ. ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯಾಹ್ನವಾಯಿತು. ನರ್ಸು ಎದ್ದು ಎರಡು ತಟ್ಟೆ ಬ್ರೆಡ್ಡು ಮೊಟ್ಟೆ ತಂದಳು. ತಿಂದ ಮೇಲೆ ಕೆಳಗೇ ಕೂತು, ಬಿಚ್ಚಿದ ಜಡೆಗಳನ್ನು ಸಿಕ್ಕಾಗದ ಹಾಗೆ ಉಂಡೆ ಸುತ್ತತೊಡಗಿದಳು. ಬ್ಯಾಂಡೇಜು ಸುತ್ತಿ ಪಳಗಿದ ಕೈ, ಅಕ್ಕನ ಉಂಡೆಗಿಂತ ಅಚ್ಚುಕಟ್ಟು. ನಾಲ್ಕು ಗಂಟೆಯ ಹೊತ್ತಿಗೆ ಹಸಿರು ಪಟ್ಟಿ ಹೊರಬಂತು. ಆರು ಮೊಳ ಉದ್ದ, ಮೂರು ಬೆರಳಗಲ, ಮೈಯೆಲ್ಲ ಸುಕ್ಕು.

ಅದನ್ನು ಕೈಯಲ್ಲಿ ಹಿಡಿದ ನರ್ಸು ಇದನ್ನೇನು ಮಾಡಲಿ ಎಂಬ ಮುಖ ಮಾಡಿದಳು. ಅಕ್ಕ ಪಟ್ಟಿಯನ್ನೂ ನೋಡಿದಳು, ಗೋಡೆಯ ಮೊಳೆಗೆ ನೇತುಬಿದ್ದಿದ್ದ ಗೌನನ್ನೂ ನೋಡಿದಳು.

"ಇಸ್ತ್ರಿ ಪೆಟ್ಟಿಗೆ ಇದೆಯಾ?"

ಇಸ್ತ್ರಿ ಹಾಕಿದ ಪಟ್ಟಿಯನ್ನು ಅಕ್ಕ ಗೌನಿನ ಕೆಳಗಿನ ಅಂಚಿಗೆ ಸುತ್ತಲೂ ಕೈಹೊಲಿಗೆ ಹಾಕಿ ಜೋಡಿಸಿದಳು. ಗೌನು ಎಷ್ಟೋ ಸಲ ಒಗೆದು ಒಗೆದು ಎಳೆಹಸಿರಾಗಿತ್ತು. ಕತ್ತಲ ಮೂಟೆಯಲ್ಲಿದ್ದ ಪಟ್ಟಿ ಗಿಣಿಹಸಿರು. ನರ್ಸು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಗೌನು ಪಾದ ಮುಟ್ಟಲಿಲ್ಲ, ಆದರೆ ಮೀನಖಂಡದ ಕೆಳಗಿಳಿಯಿತು. ಅಂಚಿಗೆ ಬೇಕೆಂದೇ ಇಟ್ಟ ಹಾಗಿದ್ದ ಗಾಢ ಪಟ್ಟಿ. ಅವಳು ಒಂದು ಸುತ್ತು ತಿರುಗಿ ನೋಡಿಕೊಂಡಳು, ಅಕ್ಕ ನೋಡುತ್ತಿದ್ದಾಳೆಂದು ಥಟ್ಟನೆ ನಿಂತಳು.

"ಈಗ ಅದು?" ಎಂದು ನೆಲದ ಮೇಲಿದ್ದ ಉಂಡೆಗಳ ಕಡೆ ಬೆರಳು ಮಾಡಿದಳು.

"ಮತ್ತೆ ಹೆಣೀತೀನಿ."

"ಗುರುವಾರ ನನಗೆ ರಜ" ಎಂದಳು ನರ್ಸು, ಯಾರನ್ನೋ ಗದರಿಸುವ ದನಿಯಲ್ಲಿ. "ಬಿಚ್ಚಿಸಿದವಳು ನಾನು. ಇಲ್ಲೇ ಇರಲಿ, ಬನ್ನಿ."

ಅಕ್ಕ ಬರಿಗೈಯಲ್ಲಿ ಮನೆಗೆ ಬಂದಳು. ದಾರಿಯಲ್ಲಿ ಟೀಚರು ಸಿಕ್ಕರು. ಸುಮ್ಮನೆ ನಿಲ್ಲಿಸಿ, ಲಂಗದ ಬಲಗಡೆಗೆ ಕೈ ತೂರಿಸಿ ತೋರಿಸಿದರು. ಕೆಂಪು ಬಟ್ಟೆಯ ಮೇಲೆ ಕೆಂಪು ಜೇಬು, ಹಳದಿ ಹೂವಿಗೆ ಹೂವು ಕೂಡುವಂತೆ ಕೂರಿಸಿದ್ದು. ತಮ್ಮ ಹಿಂದಿನ ದಿನ ಮೂಟೆಯನ್ನೆಲ್ಲ ಕೆದಕಿ ಉಳಿದಿದ್ದ ತುಂಡು ಹುಡುಕಿ, ಅವರ ಮನೆಗೆ ತಾನೇ ಹೋಗಿ, ಲಂಗ ಕೇಳಿ ಪಡೆದು ಹೊಲಿದು ಕೊಟ್ಟಿದ್ದನಂತೆ. "ಬಾಗಿಲಲ್ಲೇ ನಿಂತಿದ್ರು. ಒಳಗೆ ಬನ್ನಿ ಅಂದ್ರೂ ಬರಲಿಲ್ಲ" ಎಂದರು ಟೀಚರು.

ಆ ಸಂಜೆ ಅಕ್ಕ ಪರದೆ ಸರಿಸಿ ಕೇಳಿದಳು, "ಏನಾದ್ರೂ ತಿಂದ್ಯೇನೋ?"

ತಮ್ಮ ಮಿಷನ್ನು ನಿಲ್ಲಿಸಿದ. ಅಡುಗೆಮನೆಯಲ್ಲಿದ್ದ ಅವನ ಹೆಂಡತಿ, ತನ್ನ ದೂತನ ಕೆಲಸ ಹೋಯಿತೆಂದು ತುಸು ಬೇಜಾರಿನಲ್ಲೇ ತಟ್ಟೆ ಹಾಕಿದಳು.

ತಮ್ಮ ಬದಲಾದ. ಎಷ್ಟು ಬದಲಾದನೆಂದರೆ ಜನಕ್ಕೆ ಮೊದಲಿನವನೇ ವಾಸಿ ಎನಿಸಿತು. ಹೊಲಿದ ಅಂಗಿಯ ಜೊತೆ ಒಂದು ಪೊಟ್ಟಣ ಕೊಡುವನು: ಕಂಕುಳಡಿಯ ಮೂಲೆ, ಕಾಲರಿನ ಕತ್ತರಿಪುಡಿ, ಉಗುರಿನಷ್ಟು ಚೂರು, ಎಲ್ಲ ಮಡಿಸಿ ದಾರ ಕಟ್ಟಿದ್ದು. ಮರೆತು ಹೋದರೆ ಬೀದಿಯವರೆಗೂ ಓಡಿಬಂದು ಕೊಡುವನು. ಇಸಿದುಕೊಂಡವರು ಅದನ್ನೇನು ಮಾಡಬೇಕು? ತಿಂಗಳೊಳಗೆ ಜನ ಅಂಗಡಿಯ ಮುಂಬಾಗಿಲಲ್ಲಿ ಪೊಟ್ಟಣ ತೆಗೆದುಕೊಂಡು, ಪಕ್ಕದ ಓಣಿಯಿಂದ ಹಿತ್ತಿಲಿಗೆ ಬಂದು, "ಅಕ್ಕ, ಇದು ನಿಮಗೆ. ನಿಮ್ಮ ತಮ್ಮನಿಗೆ ಹೇಳಬೇಡಿ" ಎಂದು ಕಿಟಕಿಯಲ್ಲಿಟ್ಟು ಹೋಗತೊಡಗಿದರು. ಕೆಲವರು ಮನೆಯ ಹಳೆ ಹೊದಿಕೆ, ಪರದೆ, ಮಾಸಿದ ಸ್ಕಾರ್ಫನ್ನೂ ತಂದರು. ಅಕ್ಕ ಪ್ರತಿಯೊಬ್ಬರನ್ನೂ, "ಬೇಡ ಅಂತ ನೀವೇ ಹೇಳ್ತಿದ್ದೀರಿ ತಾನೆ?" ಎಂದು ಎರಡೆರಡು ಸಲ ಕೇಳಿಯೇ ತೆಗೆದುಕೊಳ್ಳುತ್ತಾಳೆ.

ಗುರುವಾರ ಬೆಳಿಗ್ಗೆ ಅವಳು ದಬ್ಬಳ ಚೀಲಕ್ಕೆ ಹಾಕಿಕೊಂಡು ನರ್ಸಿನ ಮನೆಗೆ ಹೊರಡುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಜಗಳವಿಲ್ಲದೆ ತೆಗೆದುಕೊಂಡ ಮೊದಲ ರಜ ಅದು. ಈಗ ವಾರಕ್ಕೊಂದು. ನೆಲಹಾಸು ಹಿಂದಿನದಕ್ಕಿಂತ ಎರಡು ಪಾಲು ಬೆಳೆದಿದೆ, ಮುಗಿಸುವ ಅವಸರ ಇಬ್ಬರಿಗೂ ಇದ್ದಂತಿಲ್ಲ. ನರ್ಸು ಬಣ್ಣದ ವಿಷಯದಲ್ಲಿ ಜಗಳಗಂಟಿ. ನೀಲಿಯ ಪಕ್ಕ ಕಂದು ಕೂಡದೆಂದು ಕೂತರೆ ಕೂತಳು. ಹೋದ ವಾರ ಇಬ್ಬರೂ ಪಟ್ಟು ಬಿಡದೆ, ಒಂದು ಸುತ್ತೂ ಹೆಣೆಯದೆ, ಎರಡು ಸಲ ಚಹಾ ಕುಡಿದು ಎದ್ದರು. ಅಂಗಡಿಯಲ್ಲಿ ಗುರುವಾರದ ಗುಂಡಿಗಳನ್ನು ತಮ್ಮನೇ ಹಚ್ಚುತ್ತಾನೆ. ಅವು ಶನಿವಾರದ ಹೊತ್ತಿಗೆ ಉದುರುತ್ತವೆ. ಬಲ್ಲವರು ಅಂಗಿ ಕೊಡುವ ಮುಂಚೆ ಇವತ್ತು ಯಾವ ವಾರ ಎಂದು ಬೆರಳು ಮಡಿಸುತ್ತಾರೆ.